ಸ್ವಿಚ್ಚಿನ ಮೇಲಿನ ಬೆರಳು

ಸ್ವಿಚ್ಚಿನ ಮೇಲೆ ಬೆರಳಿಟ್ಟವನು ಒತ್ತಲಾರದೆ ನಿಂತ. ನಂಬಿ, ನಡೆದದ್ದೇ ಇದು. ಬಿಸಿಲಿನಿಂದ ಒಳಬಂದ ಕಣ್ಣಿಗೆ ಮನೆಯ ಪರದೆ ಎಳೆದ ಆ ಕೋಣೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಹಾಸಿಗೆ ತಡವಿದರೆ ಹೆಂಡತಿ ಇಲ್ಲ. ಎಷ್ಟು ಕೂಗಿದರೂ ಉತ್ತರವಿಲ್ಲ.

ಕಣ್ಣಿಗೆ ಕಾಣದ ನ್ಯಾನೊ ಕಣಗಳಲ್ಲಿ ಮದ್ದು ತುಂಬಿ ಅವಳ ಮೈಯೊಳಗೆ ಬಿಟ್ಟು, ಲೇಸರ್ ಬೆಳಕು ಹಾಯಿಸಿ ಕ್ಯಾನ್ಸರ್ ಗಡ್ಡೆಯನ್ನು ಸುಟ್ಟಿದ್ದರು. ಮದ್ದು ಮೈಯಿಂದ ಇಳಿಯುವವರೆಗೂ ಜೋರು ಬೆಳಕು ಬಿದ್ದರೆ ಚರ್ಮವೂ ಸುಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಕಣ್ಣು ಕುಕ್ಕುವ ಆ ದೀಪ ಹಾಕಿದರೆ ಅವಳ ಮೈ ಸುಡುತ್ತದೆ. ಹಾಕದಿದ್ದರೆ, ಎಲ್ಲೋ ಪ್ರಜ್ಞೆ ತಪ್ಪಿ ಬಿದ್ದಿದ್ದರೆ?

"ಯಜಮಾನ್ರೇ, ಕೈ ತೆಗೀರಿ! ಹೆಂಡ್ತೀನ ಹುರೀಬೇಕು ಅಂತಿದೀರಾ?" ಮೂಲೆಯಿಂದ ಡಾಕ್ಟರ ಗೊಗ್ಗರು ದನಿ ಕೇಳಿತು.

ಅವನು ಹೌಹಾರಿದ. "ಡಾಕ್ಟ್ರೇ, ನೀವಾ? ಅವಳೆಲ್ಲಿ? ಏನಾಯ್ತು ಅವಳಿಗೆ?"

"ಏನೂ ಆಗಿಲ್ಲ ಕಣ್ರೀ, ಇಲ್ಲೇ ಕುರ್ಚೀಲಿ ಕೂತಿದೀನಿ." ಈಗ ಅದೇ ಮೂಲೆಯಿಂದ ಹೆಂಡತಿಯದೇ ದನಿ. "ಇಷ್ಟು ವರ್ಷ ನಿಮ್ಮ ಮಿಮಿಕ್ರಿ ಸಹಿಸ್ಕೊಂಡಿಲ್ವಾ? ನಾನೂ ಕಲಾವಿದೇನೇ. ಇನ್ನೂ ಬೆಳಕಿಗೆ ಬಂದಿಲ್ಲ, ಅಷ್ಟೆ!"

ಅವಳು ಕಿಸಕ್ಕನೆ ನಕ್ಕಳು. ಅವನು ಗೋಡೆಗೊರಗಿದವನು ಹಾಗೇ ನೆಲಕ್ಕೆ ಕುಸಿದು, ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಷ್ಟು ಜೋರಾಗಿ ನಕ್ಕ.