ಇಪ್ಪತ್ತೇಳನೆಯ ಪುಟ

ಸಂಜೆ ನಾಲ್ಕು ಇಪ್ಪತ್ತಕ್ಕೆ ಶಿಷ್ಯೆ ಆಸ್ಪತ್ರೆಯ ಮೂರನೇ ಮಹಡಿಯ ಕೋಣೆಗೆ ಬಂದಳು. ಕೈಯಲ್ಲಿ ಮೇಷ್ಟ್ರು ಬರೆದ ನಲವತ್ತೊಂದು ಪುಟಗಳ ಗಣಿತದ ಸಾಧನೆ, ಅಂದರೆ ಪ್ರೂಫ್, ಇತ್ತು. ಇಪ್ಪತ್ತೇಳನೆಯ ಪುಟದಲ್ಲಿ ತಪ್ಪಿತ್ತು.

ವೈದ್ಯರು ಮೇಷ್ಟ್ರಿಗೆ ಕೊಟ್ಟಿದ್ದ ಗಡುವು ಹೆಚ್ಚೆಂದರೆ ಒಂದು ವಾರ. ಗಣಿತದ ಪ್ರಾಧ್ಯಾಪಕರಾಗಿ ನಿವೃತ್ತರಾದ ಮೇಷ್ಟ್ರು ಹದಿನೇಳು ವರ್ಷ ಒಂದೇ ಪ್ರಶ್ನೆಯ ಬೆನ್ನು ಬಿದ್ದಿದ್ದರು. ಒಂದು ಆವರಣದೊಳಗಿನ ಬಿಂದುಗಳನ್ನೆಲ್ಲ ಅದರೊಳಗೇ ಸರಿಸಬೇಕು. ಯಾವ ಎರಡು ಬಿಂದುಗಳ ನಡುವಿನ ದೂರವೂ ಮೊದಲಿಗಿಂತ ಹೆಚ್ಚಬಾರದು. ಆಗ ಒಂದು ಬಿಂದುವಾದರೂ ಇದ್ದಲ್ಲೇ ಉಳಿಯುತ್ತದೆಯೇ? ಕೆಲವು ಬಗೆಯ ಆವರಣಗಳಲ್ಲಿ ಉಳಿಯುತ್ತದೆ, ಕೆಲವುಗಳಲ್ಲಿ ಉಳಿಯಬೇಕೆಂದಿಲ್ಲ. ನಡುವಿನ ಒಂದು ದೊಡ್ಡ ಬಗೆಯ ವಿಚಾರ ಇಂದಿಗೂ ಯಾರಿಗೂ ಗೊತ್ತಿಲ್ಲ. ದೂರ ಹೆಚ್ಚುವುದಿಲ್ಲ ಎಂದಷ್ಟೇ ಹೇಳಬಹುದಾದ ಕಡೆ ಮೇಷ್ಟ್ರು, ಕಡಿಮೆಯಾಗುತ್ತ ಹೋಗುತ್ತದೆ ಎಂದು ಬರೆದುಬಿಟ್ಟಿದ್ದರು. ತರಗತಿಯಲ್ಲಿ ಯಾರಾದರೂ ಹೀಗೆ ಬರೆದರೆ ಅವರೇ ಚಾಕ್‌ಪೀಸು ಎಸೆಯುತ್ತಿದ್ದರು. ಮುಂದಿನ ಹದಿನಾಲ್ಕು ಪುಟಗಳೂ ಆ ಒಂದು ಸಾಲಿನ ಮೇಲೆ ನಿಂತಿದ್ದವು.

"ಬಾರಮ್ಮಾ ಅನುಮಾನ," ಎಂದರು ಮೇಷ್ಟ್ರು. ಕಂಡದ್ದನ್ನೆಲ್ಲ ಕೆದಕುತ್ತಾಳೆಂದು ಎಂ.ಎಸ್ಸಿ. ದಿನಗಳಲ್ಲೇ ಅವಳಿಗೆ ಇಟ್ಟ ಹೆಸರು. "ಎಲ್ಲಿ ಸಿಕ್ಕಿಬಿದ್ದೆ ನಾನು?"

ಹೇಳಬೇಕಾದ ಮಾತನ್ನು ಅವಳು ಬಸ್ಸಿನಲ್ಲಿ ಮೂರು ಸಲ ಜೋಡಿಸಿಕೊಂಡಿದ್ದಳು. ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿದ್ದ ಅವರ ಮುಂಗೈ ನೋಡಿದಳು.

"ಎಲ್ಲೂ ಇಲ್ಲ ಸರ್."

ಮೇಷ್ಟ್ರು ಪೆನ್ಸಿಲ್ ಮುಂದೆ ಮಾಡಿದರು. ಓದಿ ಒಪ್ಪಿದವರು ಪ್ರತಿ ಪುಟದ ಕೆಳಗೂ ಸಹಿ ಹಾಕಬೇಕು ಎಂಬುದು ಅವರ ಕಟ್ಟಳೆ. ಅವಳು ಒಂದರಿಂದ ನಲವತ್ತೊಂದರವರೆಗೆ ಎಲ್ಲೂ ತಡೆಯದೆ ಹಾಕಿದಳು. ಅವರು ಕಣ್ಣು ಕೀಳದೆ ಪೆನ್ಸಿಲ್ಲನ್ನೇ ನೋಡುತ್ತಿದ್ದರು.

ಕೊನೆಯ ಸಹಿಯಾದ ಮೇಲೆ ಕಿಟಕಿಯ ಬಳಿ ಕೂತಿದ್ದ ತಂಗಿಯತ್ತ ತಿರುಗಿದರು. "ಇವಳೇ ಒಪ್ಪಿದ ಮೇಲೆ ಇನ್ನೇನು. ಕಪಾಟಿನಲ್ಲಿರೋ ನೋಟ್‌ಬುಕ್ಕೆಲ್ಲ ರದ್ದಿಗೆ ಹಾಕಿಬಿಡು."

"ನಾನು ಹದಿನೇಳು ವರ್ಷ ಅವುಗಳ ಧೂಳು ಹೊಡೆದಿದ್ದಕ್ಕೆ ಇವತ್ತು ಜ್ಞಾನೋದಯ ಆಯ್ತು ನೋಡಮ್ಮ ಅಣ್ಣನಿಗೆ," ಎಂದು ತಂಗಿ ಕಣ್ಣೊರೆಸಿಕೊಂಡು ನಕ್ಕರು.

ಸಾಧನೆ ಮುಗಿದರೆ ಕರಡು ಇಟ್ಟುಕೊಳ್ಳದಿರುವುದು ಮೇಷ್ಟ್ರ ಹಳೆಯ ಅಭ್ಯಾಸ. ಶಿಷ್ಯೆಗದು ಗೊತ್ತಿತ್ತು, ಬಸ್ಸಿನಲ್ಲಿ ಹೊಳೆದಿರಲಿಲ್ಲ. ಇಪ್ಪತ್ತೆರಡು ನೋಟ್‌ಬುಕ್ಕುಗಳು. ಅರ್ಧಕ್ಕೆ ಬಿಟ್ಟ ದಾರಿಗಳ ನಡುವೆ, ಚಿಕ್ಕದಾದರೂ ಗಟ್ಟಿಯಾದ ಎರಡು ಫಲಿತಾಂಶಗಳನ್ನು ಅವಳೇ ಒಮ್ಮೆ ಅಲ್ಲಿ ಕಂಡಿದ್ದಳು. ಅವನ್ನು ನೆನಪಿಗೆ ತಾನು ಇಟ್ಟುಕೊಳ್ಳಬಹುದೇ ಎಂದು ಕೇಳಿದಳು.

"ಮನೆ ಕಟ್ಟಿ ಮುಗಿದ ಮೇಲೆ ಸಾರುವೆ ಇಟ್ಕೋತಾರೇನೇ? ಅದರಲ್ಲಿರೋದೆಲ್ಲ ನನ್ನ ತಪ್ಪುಗಳು." ಮೇಷ್ಟ್ರು ತಲೆಯೆತ್ತಿದರು. "ಯಾಕೆ, ಬೇಕಾಗುತ್ತಾ?"

"ಇಲ್ಲ ಸರ್."

ಕೋಣೆಯ ಹೊರಗೆ ಕಾರಿಡಾರಿನಲ್ಲಿ ಅವಳು ತಂಗಿಯ ಕೈ ಹಿಡಿದು, ನೋಟ್‌ಬುಕ್ಕುಗಳನ್ನು ಯಾರಿಗೂ ಕೊಡಬೇಡಿ, ನಾಳೆ ಬಂದು ಒಯ್ಯುತ್ತೇನೆ ಎಂದು ಬೇಡಿಕೊಂಡಳು. ಕಾರಣ ಹೇಳಲಿಲ್ಲ. ಆಗಲಿ ಎಂದರು ಅವರು.

ಮರುದಿನ ಹನ್ನೊಂದಕ್ಕೆ ಮೇಷ್ಟ್ರ ಮನೆಗೆ ಹೋದಾಗ ಕಪಾಟು ಖಾಲಿಯಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ ಹಲಗೆಗಳು ಇನ್ನೂ ಆರಿರಲಿಲ್ಲ.

"ಬೆಳಿಗ್ಗೆ ಫೋನ್ ಮಾಡಿ, ಹಾಕಿದೆಯಾ ಅಂತ ಕೇಳಿದ," ಎಂದರು ತಂಗಿ. "ಆ ಸ್ಥಿತೀಲಿರೋ ಅಣ್ಣನಿಗೆ ಸುಳ್ಳು ಹೇಳೋಕೆ ಬಾಯಿ ಬರಲಿಲ್ಲಮ್ಮ. ಗಾಡಿಯವನನ್ನ ಕರೆದು ಕೊಟ್ಟುಬಿಟ್ಟೆ."

ರದ್ದಿ ಅಂಗಡಿಗೆ ಅವಳು ಓಡಿಕೊಂಡೇ ಹೋದಳು. ಬೆಳಗಿನ ಸರಕು ಹತ್ತೂವರೆಯ ಲಾರಿಯಲ್ಲಿ ಕಾಗದದ ಕಾರ್ಖಾನೆಗೆ ಹೋಗಿಯಾಗಿತ್ತು.

ಮೇಷ್ಟ್ರು ಭಾನುವಾರ ತೀರಿಕೊಂಡರು. ಆ ನಲವತ್ತೊಂದು ಪುಟಗಳನ್ನು ಅವಳು ಯಾವ ಪತ್ರಿಕೆಗೂ ಕಳಿಸಲಿಲ್ಲ.