ಮುಂದಿನ ಸೀಟು

ವರದಿಗಾರ್ತಿ ಶಕುಂತಲಾ ಹಂಪಿಹೊಳಿ ಬಸ್ಸು ಹತ್ತಿದಳೆಂದರೆ ಯಮನೂ ಆ ಬಸ್ಸಿನ ನಂಬರನ್ನು ತನ್ನ ಪಟ್ಟಿಯಿಂದ ಹೊಡೆದುಹಾಕುತ್ತಾನೆಂದು ಊರೆಲ್ಲ ಮಾತು. ಮುಗಿಲಲ್ಲಿ ಹಾರಾಡುವ ಗರುಡಣ್ಣ ಈವರೆಗೆ ಅವಳನ್ನು ಮುನ್ನೂರು ಸಲ ಸಾವಿನ ಬಾಯಿಂದ ಎತ್ತಿದ್ದ. ಅವಳು ಕಾಲಿಟ್ಟ ಕಲ್ಯಾಣಮಂಟಪಕ್ಕೆ ಹತ್ತು ವರ್ಷ ಸಿಡಿಲು ಬಡಿಯುವುದಿಲ್ಲವಂತೆ.

"ಅಕ್ಕಾರ, ಮುಂದಿನ ಸೀಟು ನಿಮಗ ಇಟ್ಟೀನ್ರಿ," ಎಂದ ಕಂಡಕ್ಟರ್ ಫಕೀರಪ್ಪ. "ಬ್ರೇಕ್ ಕೆಟ್ಟು ಮೂರು ದಿನ ಆತು. ನೀವಿದ್ರ ಅದ್ಯಾಕ ಬೇಕ್ರಿ?"

ಐವತ್ತು ಸೀಟಿನ ಬಸ್ಸಿನಲ್ಲಿ ಅರ್ಧ ಊರೇ ತುಂಬಿತ್ತು. ಶಕುಂತಲಾ ಕೂರಲಿಲ್ಲ.

"ಹೋದ ತಿಂಗಳು ಸೇತುವೆ ಮುರಿದಾಗ ಗರುಡಣ್ಣ ನನ್ನೊಬ್ಬಾಕಿನ್ನ ಎತ್ತಿಕೊಂಡು ಹೋದ. ಮೂವತ್ತೊಂದು ಮಂದಿ ಹೊಳಿ ಪಾಲಾದ್ರು. ಇಳೀರಿ ಎಲ್ಲಾರೂ."

"ಪೇಪರಿನ್ಯಾಗ ಹಂಗ ಬಂದಿಲ್ಲಲ್ಲವಾ," ಎಂದ ಹಿಂದಿನ ಸೀಟಿನ ಅಜ್ಜ. "ಗರುಡಣ್ಣನ ಪವಾಡ ಅಂತ ನಿನ್ನ ಹೆಸರಿಲೇ ಬಂದಿತ್ತು."

ಬಸ್ಸಿಗೆ ಬಸ್ಸೇ ನಕ್ಕಿತು. ಮೂವತ್ತೊಂದು ಹೆಸರನ್ನೂ ಅವಳು ಬರೆದುಕೊಟ್ಟಿದ್ದಳು. ಸಂಪಾದಕರು ಅವನ್ನು ಕಿತ್ತು, ಆ ಜಾಗದಲ್ಲಿ ಗರುಡಣ್ಣನ ಫೋಟೊ ಹಾಕಿದ್ದರು. ಮರುದಿನವೂ ಅವಳು ಕೆಲಸಕ್ಕೆ ಹೋಗಿದ್ದಳು.

ಇಳಿಯಲು ತಿರುಗುವಷ್ಟರಲ್ಲಿ ಫಕೀರಪ್ಪ ಸೀಟಿ ಊದಿದ. ಬಸ್ಸು ಇಳಿಜಾರಿಗೆ ಹೊರಳಿತು, ಅವಳು ಸೀಟಿನ ಮೇಲೆ ಕುಸಿದಳು.

ಪಕ್ಕದಲ್ಲಿದ್ದ ಬಾಣಂತಿ ಒಬ್ಬಳೇ ನಕ್ಕಿರಲಿಲ್ಲ. ತನ್ನ ಕೂಸನ್ನು ಶಕುಂತಲೆಯ ತೊಡೆಯ ಮೇಲಿಟ್ಟು, ಶಕುಂತಲೆಯದೇ ಸೆರಗನ್ನು ಅದಕ್ಕೆ ಸುತ್ತಿ, ಅವಳ ಸೊಂಟಕ್ಕೆ ಬಿಗಿದು ಮೂರು ಗಂಟು ಹಾಕಿದಳು.

"ನನ್ನ ಹೆಸರು ಕಲ್ಲವ್ವ ರೀ," ಎಂದಳು. "ದೊಡ್ಡಾಕಿ ಆದಮ್ಯಾಲ ಇಕಿಗೆ ಹೇಳ್ರಿ."