ನಿಂಗರಾಜುವಿನ ಗುಂಡಿಗೆ

"ಸಿಕ್ದ! ಸಿಕ್ದ ಕಣ್ರೋ! ಬುಡಬ್ಯಾಡ, ಕೂದ್ಲು ಹಿಡ್ಕಳ್ಲಾ ಶಿವಣ್ಣ!"

ಬೆಳಗೊಳದ ನಾಲೆ ಸೇತುವೆ ಮೇಲೆ ನಿಂತವರೆಲ್ಲ ಒಟ್ಟಿಗೇ ಕೂಗಿಕೊಂಡರು. ಎಮ್ಮೆ ಮೈ ತೊಳೆಯಲು ಇಳಿದು, ಕಾಲು ಜಾರಿ ಸೆಳವಿಗೆ ಸಿಕ್ಕಿದ್ದ ನಿಂಗರಾಜುವನ್ನು ಶಿವಣ್ಣ, ತಮ್ಮಯ್ಯ ಇಬ್ಬರೂ ಈಜಿ ಹಿಡಿದು ದಡಕ್ಕೆ ಎಳೆದರು. ಬಟ್ಟೆ ಒಗೆಯುವ ಚಪ್ಪಡಿ ಮೇಲೆ ಮಲಗಿಸಿ ಬೆನ್ನು ಒತ್ತಿದಾಗ ಬಾಯಿಂದ ಬಳಬಳ ನೀರು ಬಂತು. ಉಸಿರು ಮಾತ್ರ ಬರಲಿಲ್ಲ. ತುಟಿ ನೇರಳೆ ಹಣ್ಣಿನ ಹಾಗಾಗಿತ್ತು. ಅವನ ತಾಯಿ ಪುಟ್ಟತಾಯಮ್ಮ ಮಗನ ಕಾಲು ತಬ್ಬಿಕೊಂಡು ಕುಸಿದಳು. ಅವಳ ಹಿಂದೆ, ಅರಿಶಿನ ಇನ್ನೂ ಮಾಸದ ತಾಳಿದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸುಧ ನಿಂತಿದ್ದಳು. ದೇವಲಾಪುರದ ಬೆದ್ದಲು ಸೀಮೆಯಿಂದ ಮದುವೆಯಾಗಿ ಬಂದು ತಿಂಗಳೂ ತುಂಬಿರಲಿಲ್ಲ. ಅಷ್ಟು ದೊಡ್ಡ ನೀರನ್ನೇ ಅವಳು ಕಂಡವಳಲ್ಲ.

ಸೇತುವೆ ಪಕ್ಕದ ಔಷಧಿ ಅಂಗಡಿಯಿಂದ ದೇವಯ್ಯ ಓಡಿ ಬಂದ. ಜ್ವರಕ್ಕೆ ಸೂಜಿ ಚುಚ್ಚುವ ಅವನೇ ಊರಿಗೆಲ್ಲ ಡಾಕ್ಟರು. ತಣ್ಣಗಾದ ಮಣಿಕಟ್ಟು ಹಿಡಿದು ನೋಡಿದ. ಎದೆಯ ಎಡಗಡೆಗೆ ಸ್ಟೆತಾಸ್ಕೋಪು ಇಟ್ಟ. ಒತ್ತಿ ಇಟ್ಟ. ಆಮೇಲೆ ಅದನ್ನು ಕಿವಿಯಿಂದ ಕಿತ್ತು, ಯಾರ ಮುಖವನ್ನೂ ನೋಡದೆ ಹೇಳಿದ:

"ಗುಂಡಿಗೆ ನಿಂತೋಗೈತೆ ಕಣವ್ವಾ."

ಹೆಂಗಸರು ಗೊಳೋ ಎಂದರು. ಸುಧ ಅಳಲಿಲ್ಲ. ಅವಳ ಕಣ್ಣು ಸ್ಟೆತಾಸ್ಕೋಪು ಇಟ್ಟಿದ್ದ ಜಾಗದಲ್ಲೇ ನೆಟ್ಟಿತ್ತು. ಇದೇನಿದು, ಈ ಮನುಷ್ಯ ಅಲ್ಲಿ ಯಾಕೆ ಹುಡುಕುತ್ತಿದ್ದಾನೆ?

"ಅಲ್ಲಲ್ಲ! ಈ ಕಡೆ ಮಡಗಿ!" ಎಂದು ಚೀರಿ ಅವಳು ಗಂಡಸರ ನಡುವೆ ನುಗ್ಗಿದಳು. ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. ಗಂಡನ ಒದ್ದೆ ಎದೆಯ ಬಲಗಡೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿದಳು.

"ಬಡೀತೈತೆ! ಸಣ್ಣಕೆ ಬಡೀತೈತೆ!"

"ಪಾಪ, ಮಗಿಗೆ ಬುದ್ಧಿ ಕೆಟ್ಟೋಯ್ತು," ಎಂದ ತಮ್ಮಯ್ಯ. "ಏಳವ್ವಾ ಮ್ಯಾಕೆ. ಗುಂಡಿಗೆ ಇರಾದು ಎಡಕ್ಕೆ."

"ಹೆಂಗಸ್ರಿಗೆ ಎಡಕ್ಕೆ. ಗಂಡಸ್ರಿಗೆ ಬಲಕ್ಕಲ್ವಾ?"

ಅವಳು ನಿಜಕ್ಕೂ ಹಾಗೇ ತಿಳಿದಿದ್ದಳು. ಕಣ್ಣು ಅದುರಿದರೆ ಗಂಡಸರಿಗೆ ಬಲ ಒಳ್ಳೆಯದು, ಹೆಂಗಸರಿಗೆ ಎಡ ಒಳ್ಳೆಯದು. ಕೈ ನೋಡುವವನೂ ಗಂಡಸರ ಬಲಗೈಯನ್ನೇ ಕೇಳುತ್ತಾನೆ. ಗುಂಡಿಗೆಯೂ ಹಾಗೇ ಎಂದು ಅವಳ ಲೆಕ್ಕ. ಅವಳು ಕಿವಿಗೊಟ್ಟು ಕೇಳಿದ್ದ ಗಂಡಸಿನ ಎದೆ ಇದೊಂದೇ.

"ಎಲ್ರಿಗೂ ಎಡಕ್ಕೇ ಕಣವ್ವಾ," ಎಂದ ದೇವಯ್ಯ. "ನಿಂಗ್ಯಾರು ಹೇಳುದ್ರು ಬಲಕ್ಕೈತೆ ಅಂತ?"

ಸುಧ ತಲೆ ಎತ್ತಿದಳು. ಸುತ್ತ ಮಾವನ ವಾರಿಗೆಯವರು, ಹೆಸರೂ ತಿಳಿಯದ ಊರ ಹಿರಿಯರು. ಅವರೆದುರು ಅವಳು ಇದುವರೆಗೆ ಬಾಯಿಬಿಟ್ಟು ಒಂದು ಮಾತಾಡಿದವಳಲ್ಲ. ಮುಖ ಕೆಂಪಗಾಯಿತು. ಆದರೂ ಸೇತುವೆ ಮೇಲಿದ್ದವರಿಗೂ ಕೇಳುವ ಹಾಗೆ ಕೂಗಿದಳು:

"ದಿನಾ ಅದ್ರ ಮ್ಯಾಲೇ ತಲೆ ಮಡಗಿ ಮಲಗ್ತೀನಿ! ನಂಗೊತ್ತಿಲ್ವಾ ಅದು ಎಲ್ಲೈತೆ ಅಂತ?"

ಯಾರೂ ನಗಲಿಲ್ಲ. ದೇವಯ್ಯ ಸ್ಟೆತಾಸ್ಕೋಪನ್ನು ಬಲಗಡೆಗೆ ಇಟ್ಟ. ಅವನ ಹುಬ್ಬು ಮೇಲಕ್ಕೆ ಹೋಯಿತು.

"ಅಯ್ ಶಿವನೇ! ಐತೆ! ಬಡೀತೈತೆ ಕಣ್ರಪ್ಪಾ!"

ಆಮೇಲೆ ನಾಲೆಯ ದಡವೇ ಹುಚ್ಚೆದ್ದಿತು. ದೇವಯ್ಯ ನಿಂಗರಾಜುವಿನ ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಗಾಳಿ ಊದತೊಡಗಿದ. ಸುಧ ಎದೆಯಿಂದ ಕಿವಿ ತೆಗೆಯಲೇ ಇಲ್ಲ. "ಬಡೀತೈತೆ, ಊದಿ! ಇನ್ನೂ ಬಡೀತೈತೆ, ಊದಿ!" ಎನ್ನುತ್ತಲೇ ಇದ್ದಳು. ದೇವಯ್ಯನಿಗೆ ಏದುಸಿರು ಬಂದಾಗ ಶಿವಣ್ಣ ಊದಿದ. ಅವನು ಸೋತಾಗ ಮತ್ತೆ ದೇವಯ್ಯ. ಇದ್ದಕ್ಕಿದ್ದಂತೆ ನಿಂಗರಾಜುವಿನ ಹೊಟ್ಟೆ ಅದುರಿತು, ಕುತ್ತಿಗೆ ಸೆಟೆಯಿತು, ಒಂದು ಕೆಮ್ಮು ಸಿಡಿದು ಕೆಸರು ನೀರೆಲ್ಲ ದೇವಯ್ಯನ ಬಿಳಿ ಅಂಗಿ ಮೇಲೆ ಹಾರಿತು.

"ಬಂತು! ಉಸ್ರು ಬಂತು!"

ಶಿಳ್ಳೆ, ಕೇಕೆ, ಅಳು ಎಲ್ಲ ಒಟ್ಟಿಗೇ. ಹಾಲಿನ ಕ್ಯಾನು ತುಂಬಿಕೊಂಡು ಹೊರಟಿದ್ದ ಮೆಟಡೋರನ್ನು ತಡೆದು, ಕ್ಯಾನುಗಳನ್ನು ರಸ್ತೆಯಲ್ಲೇ ಇಳಿಸಿ, ನಿಂಗರಾಜುವನ್ನು ಮಲಗಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೊಡೆಸಿದರು.

ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಬ್ಬದ ಹುಡುಗನಂತೆ ನರ್ಸುಗಳನ್ನೆಲ್ಲ ಕರೆದರು. "ಬನ್ನಿ ಇಲ್ಲಿ! ಹೃದಯ ಬಲಕ್ಕೆ, ಲಿವರ್ ಎಡಕ್ಕೆ! ಕನ್ನಡಿಯಲ್ಲಿ ನೋಡಿದ ಹಾಗೆ ಎಲ್ಲಾ ಅದಲು ಬದಲು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿದ್ದು ಇವತ್ತೇ!" ಇದರಿಂದ ತೊಂದರೆಯೇನೂ ಇಲ್ಲ, ನೂರು ವರ್ಷ ಬಾಳುತ್ತಾನೆ ಎಂದು ಹೇಳಿ ಹೋದರು.

ನಿಂಗರಾಜು ನಿದ್ದೆ ಹೋಗಿದ್ದ. ಮಂಚದ ಒಂದು ಕಡೆ ತಾಯಿ, ಇನ್ನೊಂದು ಕಡೆ ಹೆಂಡತಿ. ಪುಟ್ಟತಾಯಮ್ಮ ಸೊಸೆಯ ಮುಖವನ್ನೇ ದಿಟ್ಟಿಸುತ್ತ ಕುಳಿತಿದ್ದಳು. ಸುಧಳಿಗೆ ದಿಗಿಲಾಯಿತು. ಊರವರ ಮುಂದೆ ಆಡಬಾರದ್ದನ್ನು ಆಡಿದ್ದಕ್ಕೆ ಅತ್ತೆ ಈಗ ಬಯ್ಯುತ್ತಾಳೆ ಎಂದುಕೊಂಡಳು.

"ಹೆತ್ತೋಳು ನಾನು," ಎಂದಳು ಪುಟ್ಟತಾಯಮ್ಮ ಕೊನೆಗೆ. "ಹಾಲು ಕುಡ್ಸಿ, ಎಣ್ಣೆ ತಿಕ್ಕಿ, ಕಂಕುಳಲ್ಲಿ ಹೊತ್ಕಂಡು ತಿರುಗ್ದೋಳು. ನಂಗೇ ಗೊತ್ತಾಗ್ನಿಲ್ವಲ್ಲವ್ವಾ... ಎಲ್ಲೈತೆ, ನಂಗೂ ವಸಿ ತೋರ್ಸು."

ಅವಳ ಕೈ ತಾನಾಗಿಯೇ ಮಗನ ಎದೆಯ ಎಡಕ್ಕೆ ಹೋಯಿತು. ಸುಧ ಆ ಒರಟು ಕೈಯನ್ನು ಹಿಡಿದು ಮೆಲ್ಲಗೆ ಬಲಕ್ಕೆ ಸರಿಸಿದಳು.